ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕು

ಕಳೆದ ತೊಗರಿಯ ರಾಶಿಯ ಕಾಲದಲ್ಲಿ ಕಲಬುರಗಿಯ ಸಮೀಪದ ಶರಣಸಿರಸಗಿಯಲ್ಲಿರುವ ನಮ್ಮ ಬಂಧುಗಳ ಮನೆಗೆ ಹೋಗುವ ಪ್ರಸಂಗವು ನಮಗೆ ಒದಗಿತು. ಆ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರು ಇರುವುದು. ಹಿರಿಯ ಮಗನ ಓದಿಗೆಂದು ೨೦೧೩ರಲ್ಲಿ ಕೊಂಡದ್ದು. ಈಗ ಕಿರಿಯ ಮಗಳ ಪಾಠ, ಹೊಲದ ಪಹಣಿ, ತೊಗರಿಯ ಮಾರಾಟದ ಲೆಕ್ಕ, ಮದುವೆ ಮುಂಜಿಗಳ ಭಾವಚಿತ್ರಗಳು, ಎಲ್ಲಕ್ಕೂ ಅದೇ ಆಸರೆ. ಅದರ ಗುಂಡಿಯನ್ನೊತ್ತಿದ ಮೇಲೆ ಅದು ಎಚ್ಚರಗೊಳ್ಳುವಷ್ಟರಲ್ಲಿ ಮನೆಯಾಕೆಯು ಒಲೆಯ ಮೇಲೆ ಚಹವನ್ನಿಟ್ಟು, ಸೋಸಿ, ನಮಗೆಲ್ಲರಿಗೂ ಕೊಟ್ಟು ಮುಗಿಸಿದರು. "ಇದನ್ನು ಗುಜರಿಗೆ ಹಾಕಿ ಹೊಸದನ್ನು ತರಬೇಕೋ, ಅಥವಾ ಸ್ವಲ್ಪ ವೆಚ್ಚದಲ್ಲಿ ಏನಾದರೂ ಉಪಾಯವುಂಟೋ?" ಎಂದು ಆಕೆ ಕೇಳಿದರು. ನಮ್ಮ ವಾಚಕರಲ್ಲಿಯೂ ಅನೇಕರ ಮನೆಗಳಲ್ಲಿ ಈ ಪ್ರಶ್ನೆಯು ಎದ್ದಿರಬಹುದಾದುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಉಪಾಯವೇನೋ ಉಂಟು. ಇಂತಹ ಯಂತ್ರದ ನಿಧಾನಕ್ಕೆ ಬಹುಮಟ್ಟಿಗೆ ಕಾರಣವಾಗಿರುವುದು ಅದರ ಉಗ್ರಾಣ, ಎಂದರೆ ಹಾರ್ಡ್ ಡಿಸ್ಕು. ಅಮೆರಿಕದ ಐ.ಬಿ.ಎಂ. ಕಂಪನಿಯು ೧೯೫೬ರಲ್ಲಿ ಹೊರತಂದ ಮೊಟ್ಟಮೊದಲ ಹಾರ್ಡ್ ಡಿಸ್ಕಿನಲ್ಲಿ ೨೪ ಅಂಗುಲ ಅಗಲದ ೫೦ ಬಿಲ್ಲೆಗಳಿದ್ದು, ಅವೆಲ್ಲವೂ ಸೇರಿ ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಈಗಿನ ಬಿಲ್ಲೆಗಳು ಅಂಗೈಯಗಲಕ್ಕೆ ಇಳಿದು ಅದರ ಲಕ್ಷಪಾಲು ಹೆಚ್ಚು ಹಿಡಿಯುತ್ತವಾದರೂ ಕೆಲಸದ ರೀತಿ ಅಂದಿನದೇ. ಬಿಲ್ಲೆಯು ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತಿರುವಾಗ ಓದುವ ತೋಳು ಬೇಕಾದ ಸ್ಥಳಕ್ಕೆ ಸರಿದು, ಆ ಭಾಗವು ತನ್ನ ಕೆಳಗೆ ಬರುವವರೆಗೆ ಕಾದಿರಬೇಕು. ಇದಕ್ಕೆ ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಕಾಲ ಹಿಡಿಯುವುದು. ಅಲ್ಪವೆಂದು ತೋರಬಹುದು, ಆದರೆ ಕಂಪ್ಯೂಟರು ಏಳುವಾಗ ಸಹಸ್ರಾರು ಸಣ್ಣ ಕಡತಗಳನ್ನು ಅಲ್ಲೊಂದು ಇಲ್ಲೊಂದೆಂದು ಹೆಕ್ಕಬೇಕಾಗಿರುವುದರಿಂದ ಅಲ್ಪವು ಕೂಡಿ ಕೂಡಿ ಚಹದ ಹೊತ್ತಾಗುತ್ತದೆ.

ಸಾಲಿಡ್ ಸ್ಟೇಟ್ ಡ್ರೈವ್, ಅಂಗಡಿಯವರ ಮಾತಿನಲ್ಲಿ ಎಸ್.ಎಸ್.ಡಿ. ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬ ವಿಜ್ಞಾನಿಯು ೧೯೮೦ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮರಣೆಯೇ ಇದರ ಒಡಲು. ಬೇಕಾದ ಅಂಶವು ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲಿನಲ್ಲಿ ಕೈಗೆ ಸಿಕ್ಕುವುದು.

ಇಷ್ಟನ್ನು ತಿಳಿದವರು ಅಂಗಡಿಯಲ್ಲಿ ಮೋಸಹೋಗುವ ಸಂಭವ ಕಡಿಮೆ. ಏತಕ್ಕೆಂದರೆ ಅಲ್ಲಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಬೇರೆಯೇ ಒಂದು ವೇಗ: ಸೆಕೆಂಡಿಗೆ ೫೦೦ ಮೆಗಾಬೈಟು, ೫೫೦ ಮೆಗಾಬೈಟು ಎಂದು. ದೊಡ್ಡ ಕಡತವೊಂದನ್ನು ಒಂದೇ ಸಮನೆ ಸುರಿಯುವಾಗಿನ ವೇಗವದು. ಶರಣಸಿರಸಗಿಯ ಯಂತ್ರದ ಪೆಟ್ಟಿಗೆಯನ್ನು ಬಿಚ್ಚಿ ನೋಡಲಾಗಿ, ಒಳಗಿದ್ದುದು ಎಚ್.೬೧ ಎಂಬ ಜಾತಿಯ ಬೋರ್ಡು. ಆ ಕಾಲದ ಅಗ್ಗದ ಕಂಪ್ಯೂಟರುಗಳಲ್ಲಿ ಇದು ಹೇರಳವಾಗಿತ್ತು. ಇದರ ಸಾಟಾ ಕಂಡಿಗಳು ಸೆಕೆಂಡಿಗೆ ೩ ಗಿಗಾಬಿಟ್ಟಿನವು. ಎಂತಹ ಡಿಸ್ಕನ್ನು ಜೋಡಿಸಿದರೂ ೩೦೦ ಮೆಗಾಬೈಟನ್ನು ಮೀರಿ ಹರಿಯಲಾರದು. ಹಾಗಿದ್ದೂ ಯಂತ್ರವು ಹೊಸ ಜೀವ ತಳೆಯುವುದು, ಹುಡುಕಾಟದ ಕಾಲವು ಉಳಿಯುವುದರಿಂದ. ಆದುದರಿಂದ ಹಳೆಯ ಯಂತ್ರಕ್ಕೆ ವೇಗದ ಅಂಕಿಗಾಗಿ ಹೆಚ್ಚು ಹಣ ತೆರುವುದು ಕಿರುದಾರಿಯ ಗಾಡಿಗೆ ಪಂದ್ಯದ ಕುದುರೆಯನ್ನು ಕಟ್ಟಿದಂತೆ.

ಆಕಾರವನ್ನೂ ನೋಡಿಕೊಳ್ಳಬೇಕು. ಇಂತಹ ಯಂತ್ರಕ್ಕೆ ೨.೫ ಅಂಗುಲದ ಸಾಟಾ ಡಿಸ್ಕೇ ಸರಿ. ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎಂ.೨ ಎಂಬುದನ್ನು ಅಗ್ಗವೆಂದು ತಂದರೆ ಅದನ್ನು ಸಿಕ್ಕಿಸಲು ಸ್ಥಳವೇ ಇರಲಾರದು. ಹಳೆಯ ಲ್ಯಾಪ್‌ಟಾಪುಗಳಿಗೂ ಇದೇ ಮಾತು. ಅವುಗಳಲ್ಲಿ ಕೆಲವು ೯.೫ ಮಿಲಿಮೀಟರು ದಪ್ಪದ ಡಿಸ್ಕಿಗೆ ಮಾಡಿದವಾದ್ದರಿಂದ ೭ ಮಿಲಿಮೀಟರಿನ ಹೊಸದಕ್ಕೆ ಪ್ಲಾಸ್ಟಿಕ್ಕಿನ ಚೌಕಟ್ಟೊಂದು ಬೇಕಾದೀತು. ಅಳತೆಯಲ್ಲಿ ೨೪೦ ಜಿ.ಬಿ. ಸಾಮಾನ್ಯ ಮನೆಗೆ ಸಾಕು. ಕಂಪ್ಯೂಟರು ಅದನ್ನು ೨೨೩ ಎಂದು ತೋರಿಸಿದರೆ ಅಂಗಡಿಯವನನ್ನು ಬೈಯಬೇಡಿರಿ, ಅದು ಎಣಿಕೆಯ ಎರಡು ಪದ್ಧತಿಗಳ ಭೇದ.

ಎಸ್.ಎಸ್.ಡಿ.ಯು ಬರೆದಂತೆ ಬರೆದಂತೆ ಸವೆಯುವುದೆಂದು ಹೆದರುವವರಿದ್ದಾರೆ. ಸವೆಯುವುದು ನಿಜ. ಕಿಂಗ್‌ಸ್ಟನ್ ಕಂಪನಿಯ ಎ೪೦೦ ಎಂಬ ೨೪೦ ಜಿ.ಬಿ.ಯ ಅಗ್ಗದ ಡಿಸ್ಕಿಗೆ ತಯಾರಕರು ಕೊಟ್ಟಿರುವ ಬರೆಹದ ಮಿತಿ ೮೦ ಟೆರಾಬೈಟು, ವಾರಂಟಿ ೩ ವರ್ಷ. ಸ್ಯಾಮ್‌ಸಂಗಿನ ೮೭೦ ಇವೊ ೨೫೦ ಜಿ.ಬಿ.ಗೆ ೧೫೦ ಟೆರಾಬೈಟು, ೫ ವರ್ಷ. ದಿನಕ್ಕೆ ೧೦ ಜಿ.ಬಿ. ಬರೆಯುವ ಮನೆಯಿದ್ದರೂ ೮೦ ಟೆರಾಬೈಟು ಮುಗಿಯಲು ೨೧ ವರ್ಷಗಳು ಮೀರುತ್ತವೆ. ಹೀಗಾಗಿ ಎರಡನೆಯದಕ್ಕೆ ಹೆಚ್ಚು ಕೊಡುವ ಅವಶ್ಯಕತೆ ನಮ್ಮ ಬಂಧುಗಳಿಗೆ ಕಾಣಲಿಲ್ಲ.

ಆದರೆ ಅಗ್ಗವೆಂಬುದಕ್ಕೂ ಒಂದು ತಳವುಂಟು. ಅದರ ಕೆಳಗೆ ಇಳಿದವರ ಪಾಡನ್ನು ನಾವು ಸ್ವತಃ ಬಲ್ಲೆವು. ಕೆಲವು ವರ್ಷಗಳ ಹಿಂದೆ ಎಂದೂ ಕೇಳರಿಯದ ಹೆಸರಿನ ಡಿಸ್ಕೊಂದನ್ನು, ನಾಲ್ಕುನೂರು ರೂಪಾಯಿ ಉಳಿಯುವುದೆಂಬ ಆಸೆಯಿಂದ, ನಾವು ತಂದೆವು. ಹಳೆಯ ಹಾರ್ಡ್ ಡಿಸ್ಕನ್ನು ಬದಲಿಗೆ ಕೊಟ್ಟರೆ ಇನ್ನೂ ಸ್ವಲ್ಪ ಬಿಡುವೆನೆಂದು ಅಂಗಡಿಯವನು ಹೇಳಿದುದರಿಂದ ಅದನ್ನೂ ಕೊಟ್ಟುಬಂದೆವು. ಏಳು ತಿಂಗಳು ಚೆನ್ನಾಗಿ ನಡೆಯಿತು. ಒಂದು ಬೆಳಗ್ಗೆ ಕಂಪ್ಯೂಟರು ತನ್ನೊಳಗೆ ಡಿಸ್ಕೇ ಇಲ್ಲವೆಂದಿತು. ಹಾರ್ಡ್ ಡಿಸ್ಕು ಕೆಡುವಾಗ ಸಾಮಾನ್ಯವಾಗಿ ಕಟಕಟವೆಂದು ಸದ್ದು ಮಾಡಿ ಎಚ್ಚರಿಸುವುದುಂಟು, ಎಸ್.ಎಸ್.ಡಿ.ಯು ಬಹಳ ಸಲ ಮಾತಿಲ್ಲದೆ ಹೊರಟುಹೋಗುತ್ತದೆ. ನಮ್ಮ ಅಜ್ಜಿಯು ಬೀಸುವ ಕಲ್ಲಿನ ಪದಗಳನ್ನು ಹಾಡಿದುದನ್ನು ಮೊಬೈಲಿನಲ್ಲಿ ಹಿಡಿದು ಆ ಕಂಪ್ಯೂಟರಿಗೆ ಹಾಕಿದ್ದೆವು, ಒಟ್ಟು ಹತ್ತೊಂಬತ್ತು ಪದಗಳು. ಸೋದರಸೊಸೆಯೊಬ್ಬಳ ಮೊಬೈಲಿನಲ್ಲಿ ಮೂರು ಉಳಿದಿದ್ದವು. ಮಿಕ್ಕವನ್ನು ಮತ್ತೆ ಹಾಡಿಸೋಣವೆಂದರೆ ಅಜ್ಜಿಯು ತೀರಿಹೋಗಿ ಒಂದು ವರ್ಷವಾಗಿತ್ತು.

ಹಾಗೆಂದು ದುಬಾರಿಯ ಡಿಸ್ಕುಗಳು ಕೆಡುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಬಲ್ಲ ಕಂಪನಿಯದಾದರೆ ಸಂಖ್ಯೆಯನ್ನು ತೋರಿಸಿ ಬದಲಿ ಕೇಳಬಹುದು, ಒಳಗಿನ ಸರಕೂ ಡಬ್ಬಿಯ ಮೇಲಿದ್ದುದೇ ಆಗಿರುವುದು. ಜಾಲದ ಅಂಗಡಿಗಳಲ್ಲಿ ೨ ಟೆರಾಬೈಟೆಂದು ಹೇಳಿಕೊಂಡು ನಂಬಲಾಗದ ಬೆಲೆಗೆ ಬರುವ ಕೆಲವುಗಳಲ್ಲಿ ಇರುವ ಸ್ಥಳವು ಅದರ ಒಂದು ಚೂರು ಮಾತ್ರ. ತುಂಬಿದ ಮೇಲೆ ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತವೆ. ಸಂಶಯ ಬಂದರೆ ಎಫ್೩ ಅಥವಾ ಎಚ್೨ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶಗಳಿಂದ ಡಿಸ್ಕನ್ನು ಪೂರ್ತಿ ತುಂಬಿಸಿ ಪರೀಕ್ಷಿಸಬಹುದು. ಇದನ್ನು ಮನೆಯ ಕಡತಗಳನ್ನು ಹಾಕುವುದಕ್ಕೆ ಮೊದಲೇ ಮಾಡತಕ್ಕದ್ದು.

ಬೆಲೆಯ ವಿಷಯದಲ್ಲಿ ಕಾಲವು ಅನುಕೂಲವಾಗಿಲ್ಲ. ಕೃತಕ ಬುದ್ಧಿಯ ಭಾರೀ ಯಂತ್ರಾಗಾರಗಳು ಸ್ಮರಣೆಯ ಚಿಪ್ಪುಗಳನ್ನು ಸೆಳೆದುಕೊಳ್ಳುತ್ತಿರುವುದರಿಂದ ೨೦೨೫ರ ಕೊನೆಯ ತಿಂಗಳುಗಳಲ್ಲಿ ಬೆಲೆಗಳು ಏರತೊಡಗಿದವು. ಅಗ್ಗದ ಒಳ್ಳೆಯ ಡಿಸ್ಕುಗಳನ್ನು ಕ್ರೂಶಿಯಲ್ ಎಂಬ ಹೆಸರಿನಿಂದ ಮಾರುತ್ತಿದ್ದ ಅಮೆರಿಕದ ಮೈಕ್ರಾನ್ ಕಂಪನಿಯು ಆ ಗೃಹವ್ಯಾಪಾರದಿಂದ ಹಿಂದೆಗೆಯುವುದಾಗಿ ೨೦೨೫ರ ಡಿಸೆಂಬರಿನಲ್ಲಿ ಸಾರಿತು. ಅಂಗಡಿಗಳಲ್ಲಿ ಉಳಿದಿರುವ ಸರಕನ್ನು ಕೊಳ್ಳಲು ಅಡ್ಡಿಯಿಲ್ಲ, ವಾರಂಟಿಯನ್ನು ನಡೆಸುವುದಾಗಿ ಅವರು ಹೇಳಿದ್ದಾರೆ. ರಸೀದಿಯನ್ನು ಮಾತ್ರ ಜೋಪಾನ ಮಾಡಬೇಕು.

ಇನ್ನೊಂದು ಮಾತು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ವಿಂಡೋಸ್ ೧೧ನ್ನು ಇಷ್ಟು ಹಳೆಯ ಯಂತ್ರಗಳು ವಿಧಿವತ್ತಾಗಿ ಹೊರಲಾರವು. ಹೊಸ ಡಿಸ್ಕನ್ನು ಹಾಕಿ ಹಳೆಯ ವಿಂಡೋಸನ್ನೇ ನಕಲು ಮಾಡಿದರೆ ಗೋಡೆಗೆ ಸುಣ್ಣ ಬಳಿದು ಬಾಗಿಲಿಗೆ ಚಿಲಕವಿಲ್ಲದ ಮನೆಯಂತಾದೀತೆಂದು ನಾವು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಸೂಚಿಸಿದೆವು. ೪ ಜಿ.ಬಿ. ಸ್ಮರಣೆಯಲ್ಲಿ ಅದು ನಡೆಯುವುದು, ಕನ್ನಡವನ್ನು ಓದಲೂ ಬರೆಯಲೂ ಬರುವುದು. ಮನೆಯ ಯಜಮಾನರಿಗೆ ಮೊದಲೆರಡು ದಿನ ಗುಂಡಿಗಳು ಸಿಕ್ಕದೆ ಸಿಟ್ಟು ಬಂದಿತು. ಮಗಳಿಗೆ ಅರ್ಧ ತಾಸು ಸಾಕಾಯಿತು.

ಕೊನೆಗೆ ತೆಗೆದ ಹಳೆಯ ಹಾರ್ಡ್ ಡಿಸ್ಕಿನ ಪ್ರಶ್ನೆ ಬಂದಿತು. ಗುಜರಿಯವನಿಗೆ ಕೊಡೋಣವೆಂದು ಯಜಮಾನರು. ನಾವು ಅಜ್ಜಿಯ ಪದಗಳ ಕಥೆಯನ್ನು ಹೇಳಬೇಕಾಯಿತು. ಅದಲ್ಲದೆ ಇನ್ನೊಂದು ಕಾರಣವೂ ಉಂಟು: ಎಸ್.ಎಸ್.ಡಿ.ಯು ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ಬರೆಹವು ಮೆಲ್ಲನೆ ಅಳಿಯುವುದು. ತನ್ನ ಮಿತಿಯಷ್ಟೂ ಸವೆದ ಡಿಸ್ಕು ೩೦ ಡಿಗ್ರಿಯ ಶಾಖದಲ್ಲಿ ಒಂದು ವರ್ಷ ಹಿಡಿದಿಟ್ಟುಕೊಳ್ಳಬೇಕೆಂಬುದು ತಯಾರಕರ ಒಕ್ಕೂಟದ ಕಟ್ಟಳೆ. ಶಾಖ ಹೆಚ್ಚಿದಷ್ಟೂ ಕಾಲವು ಕಡಿಮೆ. ಹೊಸದಕ್ಕೆ ಇಷ್ಟು ಭಯವಿಲ್ಲವಾದರೂ, ವೈಶಾಖದಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿಯ ಸೀಮೆಯಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಡಲು ಹಳೆಯ ಬಿಲ್ಲೆಯ ಡಿಸ್ಕೇ ಮೇಲು. ಭಾವಚಿತ್ರಗಳನ್ನೂ ಪಹಣಿಗಳನ್ನೂ ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಅದೇ ಪೆಟ್ಟಿಗೆಯೊಳಗೆ ತಂತಿ ಕಳಚಿ ಉಳಿಸಿದೆವು. ಯುಗಾದಿಗೊಮ್ಮೆ, ಖಂಡೇಪೂಜೆಗೊಮ್ಮೆ ತಂತಿಯನ್ನು ಜೋಡಿಸಿ ಹೊಸ ಕಡತಗಳನ್ನು ಅದಕ್ಕೂ ತುಂಬಿಸುವುದೆಂದು ಗೊತ್ತಾಯಿತು. ಮನೆಯಾಕೆಯು ಅದನ್ನು ಗೋಡೆಯ ಪಂಚಾಂಗದಲ್ಲಿ ಆ ಎರಡು ದಿನಗಳ ಕೆಳಗೆ ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ.