ಕೇಬಲ್ ಕಳವಿಗೆ ಹಿಂಬರಹದ ಉತ್ತರ

ಸ್ಟಾರ್ಟರ್ ಪೆಟ್ಟಿಗೆಯಿಂದ ಕೊಳವೆಬಾವಿಯವರೆಗಿನ ಕೇಬಲ್ಲನ್ನು ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ಕರಿ ಸಿಪ್ಪೆ ಬಿದ್ದಿರುತ್ತದೆ. ಒಳಗಿನ ತಾಮ್ರ ಅಷ್ಟರಲ್ಲಿ ಗುಜರಿ ಅಂಗಡಿಯ ತಕ್ಕಡಿ ಏರಿರುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಇದು ಈಗ ಸುದ್ದಿಯೇ ಅಲ್ಲ. ಈ ಸ್ಥಿತಿಗೆ ಕಳ್ಳರಷ್ಟೇ ಪೊಲೀಸ್ ಠಾಣೆಗಳೂ ಹೊಣೆ.

ದೂರು ಕೊಡಲು ಹೋದ ರೈತನಿಂದ ಬಿಳಿ ಹಾಳೆಯಲ್ಲಿ ಅರ್ಜಿ ಬರೆಸಿಕೊಂಡು, ಹಿಂಬರಹ ಕೊಟ್ಟು ಸಾಗಹಾಕುತ್ತಾರೆ. ‘ಯಾರ ಮೇಲಾದರೂ ಅನುಮಾನ ಇದ್ದರೆ ನೀವೇ ಹೇಳಿ’ ಎಂಬ ಮಾತು ಬೇರೆ! ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ಅದರ ಬಿಸಿ ಗ್ರಾಮಾಂತರ ಠಾಣೆಗಳಿಗೆ ತಟ್ಟಿದಂತಿಲ್ಲ. ಕಾರಣ ಗುಟ್ಟೇನಲ್ಲ. ದಾಖಲಾದ ಕಳವು ಪತ್ತೆಯಾಗದಿದ್ದರೆ ಮೇಲಧಿಕಾರಿಗಳಿಂದ ಬೈಗುಳ. ದಾಖಲೇ ಆಗದಿದ್ದರೆ ಠಾಣಾ ವ್ಯಾಪ್ತಿಯೆಲ್ಲ ಶಾಂತ. ಇಂಥ ಕಡತಗಳನ್ನು ನಂಬಿ ‘ಅಪರಾಧ ಇಳಿಮುಖ’ ಎನ್ನುವುದು ಆತ್ಮವಂಚನೆ.

ಹೊಸ ಕಾನೂನು ನುಣುಚಿಕೊಳ್ಳಲು ಇನ್ನೊಂದು ದಾರಿ ತೆರೆದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಕತ್ತರಿಸಿದ ಕೇಬಲ್ ತುಂಡಿನ ಬೆಲೆ ಎಷ್ಟೋ ಬಾರಿ ಈ ಗೆರೆಯ ಕೆಳಗೇ ಬೀಳುತ್ತದೆ. ನೀರು ನಿಂತು ಒಣಗಿದ ಟೊಮೆಟೊ ಸಾಲುಗಳ ನಷ್ಟ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ದಿಲ್ಲಿಯಲ್ಲಿ ಕೂತು ಗೆರೆ ಎಳೆದವರಿಗೆ ಹೊಲದ ದಾರಿ ಗೊತ್ತಿರಲಿಲ್ಲ.

ಅಕ್ರಮ ಮದ್ಯದ ಕಥೆಯೂ ಬೇರೆಯಲ್ಲ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ಕಿರಾಣಿ ಅಂಗಡಿಯ ಡಬ್ಬಗಳ ಹಿಂದೆ ಮದ್ಯದ ಪ್ಯಾಕೆಟ್ಟುಗಳು ಬಂದು ಕೂತವು. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಆದಾಯದ ಗುರಿ ಹೊತ್ತ ಅಬಕಾರಿ ಇಲಾಖೆಗೆ ಅಕ್ರಮ ಮಾರಾಟ ತಡೆಯುವ ಕೆಲಸವನ್ನೂ ಒಪ್ಪಿಸಿ ಸರ್ಕಾರ ಕಣ್ಣುಮುಚ್ಚಿ ಕೂತಿದೆ.

ಕೇಬಲ್ ಕಳವು ನಿಲ್ಲಬೇಕಾದರೆ ಮೊದಲು ಗುಜರಿ ಅಂಗಡಿಗಳ ವಹಿ ತೆರೆಸಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಜೈಲು ಇದೆ; ಸುಟ್ಟ ತಾಮ್ರ ಎಲ್ಲಿಂದ ಬಂತೆಂದು ಬೀಟ್ ಪೊಲೀಸರು ಕೇಳಲಿ. ಠಾಣೆ ಎಫ್‌ಐಆರ್ ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸುವ ಹಕ್ಕು ರೈತನಿಗಿದೆ. ಅಂಥ ದೂರು ನಿಜವೆಂದು ಕಂಡುಬಂದರೆ ಆ ಠಾಣಾಧಿಕಾರಿಯನ್ನು ಅಮಾನತುಗೊಳಿಸಬೇಕು.