ಪಠ್ಯದಿಂದ ಹೋದ ಅಧ್ಯಾಯ, ಮನೆಯಲ್ಲಿ ಉಳಿದ ಪ್ರಶ್ನೆಗಳು

ಹತ್ತನೆಯ ತರಗತಿ ಮುಗಿಸಿ ವಾಣಿಜ್ಯ ವಿಭಾಗಕ್ಕೆ ಸೇರಲಿರುವ ನನ್ನ ತಂಗಿಯ ಮಗಳು ರಜೆಯಲ್ಲಿ ಜಾದವ್‌ಪುರದ ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ, “ಮಾವ, ಮನುಷ್ಯ ಮಂಗನಿಂದ ಬಂದನೆಂಬುದು ಸುಳ್ಳೆಂದು ಗೊತ್ತಾಗಿ ಆ ಪಾಠವನ್ನೇ ತೆಗೆದುಹಾಕಿದರಂತೆ, ಹೌದೇ?” ಎಂದು ಕೇಳಿದಳು. ಅವಳ ತಂದೆಯೂ ಹಾಗೆಯೇ ನಂಬಿದ್ದಾರೆ. ಹೊರನಾಡಿನಲ್ಲಿರುವ ನಮ್ಮವರ ಅನೇಕ ಮನೆಗಳಲ್ಲಿ ಇದೇ ನಂಬಿಕೆ ಇರುವುದನ್ನು ಕಂಡು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನಡೆದ ಸಂಗತಿ. ಕೋವಿಡ್ ಕಾಲದ ನಂತರ ಪಠ್ಯಭಾರವನ್ನು ತಗ್ಗಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ ಕೈಗೊಂಡ ಪರಿಷ್ಕರಣೆಯಲ್ಲಿ, ಹತ್ತನೆಯ ತರಗತಿಯ ‘ಆನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯವು ಬರಿಯ ‘ಆನುವಂಶೀಯತೆ’ ಆಯಿತು. ಸಿದ್ಧಾಂತ ಸುಳ್ಳೆಂದು ಯಾರೂ ಸಾಧಿಸಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಸಹಿ ಹಾಕಿ ಆ ಭಾಗವನ್ನು ಮರಳಿ ಸೇರಿಸಬೇಕೆಂದು ಕೇಳಿದರು. ಅದಕ್ಕೂ ಮೊದಲು, 2018ರಲ್ಲಿ, ಅಂದಿನ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ಸಿದ್ಧಾಂತವೇ ತಪ್ಪೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ನಿರಾಕರಿಸಿದ್ದವು.

ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆಯಲ್ಲ ಎಂಬುದು ಸರಕಾರದ ಸಮಾಧಾನ. ಆದರೆ ನಮ್ಮ ಸಮಾಜದ ಎಷ್ಟು ಮಕ್ಕಳು ಅಲ್ಲಿಯವರೆಗೆ ಜೀವಶಾಸ್ತ್ರ ಓದುತ್ತಾರೆ? ವ್ಯಾಪಾರದ ಮನೆತನಗಳ ಮಕ್ಕಳು ಹತ್ತರ ನಂತರ ವಾಣಿಜ್ಯಕ್ಕೆ, ಲೆಕ್ಕಪರಿಶೋಧನೆಗೆ ಹೋಗುವುದು ವಾಡಿಕೆ. ಅವರು ಈ ವಿಷಯವನ್ನು ಜೀವಮಾನದಲ್ಲಿ ಒಮ್ಮೆಯೂ ಶಾಲೆಯಲ್ಲಿ ಕೇಳದೆ ಉಳಿಯುತ್ತಾರೆ. ಶಾಲೆ ಬಿಟ್ಟುದನ್ನು ವಾಟ್ಸ್‌ಆಪ್ ತುಂಬುತ್ತದೆ.

ಇನ್ನು ಪ್ರಶ್ನೆಗಳಿಗೆ ಬರೋಣ. ಮನುಷ್ಯ ಮಂಗನಿಂದ ಬಂದಿದ್ದರೆ ಮಂಗಗಳು ಇನ್ನೂ ಏಕೆ ಇವೆ? ಇಂದಿನ ಮಂಗನಿಂದ ಮನುಷ್ಯ ಬಂದನೆಂದು ವಿಜ್ಞಾನ ಹೇಳುವುದೇ ಇಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು ಎನ್ನುತ್ತದೆ. ಪೂರ್ವದ ಪ್ರಾಕೃತದಿಂದ ಬಂಗಾಳಿಯೂ ಒಡಿಯಾವೂ ಕವಲೊಡೆದವು. ಬಂಗಾಳಿ ಇರುವಾಗ ಒಡಿಯಾ ಏಕಿದೆ ಎಂದು ಯಾರೂ ಕೇಳುವುದಿಲ್ಲ.

ಬದಲಾವಣೆಯನ್ನು ಯಾರು ಕಂಡಿದ್ದಾರೆ? ಹಳಗನ್ನಡದ ‘ಪಾಲ್’ ಹೊಸಗನ್ನಡದ ‘ಹಾಲು’ ಆದ ದಿನವನ್ನೂ ಯಾರೂ ಕಂಡಿಲ್ಲ. ಯಾವ ತಾಯಿಯೂ ತನ್ನ ಮಗುವಿಗೆ ಅರ್ಥವಾಗದ ಭಾಷೆಯನ್ನು ಆಡಲಿಲ್ಲ, ಆದರೂ ಭಾಷೆ ಬದಲಾಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಅದಕ್ಕೆ ಸಾಕ್ಷಿ. ಜೀವಿಗಳ ವಿಷಯದಲ್ಲಿ ಜೀವಾಶ್ಮಗಳೇ ಅಂತಹ ಶಾಸನಗಳು. ನಡುವಣ ಕೊಂಡಿಗಳೆಲ್ಲಿ ಎನ್ನುವವರು ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್ ಪ್ರದೇಶದ ‘ಇಂಡೋಹ್ಯೂಸ್’ ಅನ್ನು ನೋಡಬಹುದು. ಭೂವಿಜ್ಞಾನಿ ಎ. ರಂಗರಾವ್ ಅವರು ಸಂಗ್ರಹಿಸಿದ್ದ ಕಲ್ಲುಗಳಲ್ಲಿ ದೊರೆತ, ಸುಮಾರು 4.8 ಕೋಟಿ ವರ್ಷಗಳ ಹಿಂದಿನ ಈ ಸಣ್ಣ ಗೊರಸಿನ ಪ್ರಾಣಿಯ ಕಿವಿಯ ಎಲುಬು ತಿಮಿಂಗಿಲದ ಕಿವಿಯ ಎಲುಬಿನ ವಿಶಿಷ್ಟ ರಚನೆಯನ್ನೇ ಹೊಂದಿತ್ತೆಂದು 2007ರಲ್ಲಿ ಪ್ರಕಟವಾಯಿತು.

ಕಣ್ಣೆದುರಿಗೆ ನಡೆಯುವ ವಿಕಾಸವೂ ಉಂಟು. ನಮ್ಮ ಜಾದವ್‌ಪುರದಲ್ಲಿ ಹಿಂದೆ ಹೆಸರಾಂತ ಕ್ಷಯರೋಗ ಆಸ್ಪತ್ರೆಯಿತ್ತು. ಕವಿ ಸುಕಾಂತ ಭಟ್ಟಾಚಾರ್ಯರು 1947ರಲ್ಲಿ, ಇಪ್ಪತ್ತೊಂದು ತುಂಬುವ ಮೊದಲೇ, ಅಲ್ಲಿ ತೀರಿಕೊಂಡರು. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಈ ರೋಗವನ್ನು ಗೆಲ್ಲುವುದೆಂದು ಜಗತ್ತು ಆಶಿಸಿತು. ಆದರೆ ಅದೊಂದನ್ನೇ ಕೊಟ್ಟಾಗ ಅನೇಕ ರೋಗಿಗಳು ಮೊದಲು ಚೇತರಿಸಿಕೊಂಡು ಮತ್ತೆ ಕುಸಿದರು. ಕೋಟಿಗಟ್ಟಲೆ ರೋಗಾಣುಗಳಲ್ಲಿ ಆಕಸ್ಮಿಕ ಮಾರ್ಪಾಡಿನಿಂದ ಔಷಧಿಯನ್ನು ತಾಳಬಲ್ಲ ಕೆಲವು ಇದ್ದವು. ಉಳಿದವು ಸತ್ತವು, ಇವು ಬದುಕಿ ಬೆಳೆದವು. ಹಲವು ಔಷಧಿಗಳನ್ನು ಕೂಡಿಸಿ ಕೊಡುವುದು, ತಿಂಗಳುಗಟ್ಟಲೆ ಬಿಡದೆ ಸೇವಿಸಬೇಕೆನ್ನುವುದು ಈ ಕಾರಣಕ್ಕೇ. ಎಲ್ಲವೂ ಆಕಸ್ಮಿಕವೇ ಎಂಬ ಸಂದೇಹಕ್ಕೂ ಇಲ್ಲಿಯೇ ಉತ್ತರವಿದೆ: ಮಾರ್ಪಾಡು ಆಕಸ್ಮಿಕ, ಆಯ್ಕೆ ಆಕಸ್ಮಿಕವಲ್ಲ.

ಇದು ಬರಿಯ ‘ವಾದ’ವಲ್ಲವೇ ಎಂಬುದು ಇನ್ನೊಂದು ಮಾತು. ‘ವಿಕಾಸವಾದ’ವೆಂಬ ನಮ್ಮ ಪದವೇ ಈ ಗೊಂದಲಕ್ಕೆ ಎಡೆಮಾಡಿದೆ. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಪರೀಕ್ಷೆಗಳಲ್ಲಿ ನಿಂತ, ಅನೇಕ ಸಂಗತಿಗಳನ್ನು ಒಟ್ಟಿಗೆ ವಿವರಿಸುವ ಚೌಕಟ್ಟು. ‘ವಿಕಾಸ’ವೆಂಬುದೂ ಏಳಿಗೆಯ ಭ್ರಮೆ ಹುಟ್ಟಿಸುತ್ತದೆ. ಅದು ಹದಿನಾಲ್ಕು ಗುಣಸ್ಥಾನಗಳಂತೆ ಮೇಲೇರುವ ಸೋಪಾನವಲ್ಲ, ಕವಲೊಡೆಯುವ ಮರ.

ಕೊನೆಯದಾಗಿ ನಮ್ಮವರದೇ ಆದ ಸಂದೇಹಗಳು. ಸೃಷ್ಟಿಕರ್ತನನ್ನು ಒಪ್ಪದ ಧರ್ಮ ನಮ್ಮದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಸೃಷ್ಟಿಕರ್ತೃತ್ವವನ್ನು ತರ್ಕದಿಂದಲೇ ಖಂಡಿಸಿದ್ದಾರೆ. ಆದ್ದರಿಂದ ಪಶ್ಚಿಮದ ಸೃಷ್ಟಿವಾದಿಗಳ ಜಗಳವನ್ನು ನಾವು ಎರವಲು ತರಬೇಕಿಲ್ಲ. ಹಾಗೆಂದು ಡಾರ್ವಿನ್ ಹೇಳಿದ್ದೆಲ್ಲ ಆಗಮಗಳಲ್ಲಿ ಮೊದಲೇ ಇತ್ತೆಂಬ ಹೆಮ್ಮೆಯೂ ಸಲ್ಲದು. ಒಂದು ಜೀವವು ಜನ್ಮಾಂತರಗಳಲ್ಲಿ ಬೇರೆ ಬೇರೆ ಶರೀರಗಳನ್ನು ಪಡೆಯುವುದು ಒಂದು ಮಾತು. ತಲೆಮಾರುಗಳಲ್ಲಿ ಶರೀರಗಳ ವಂಶವೇ ಬದಲಾಗುವುದು ಇನ್ನೊಂದು. ಐನೂರು ಬಿಲ್ಲು ಎತ್ತರದ ಮನುಷ್ಯರನ್ನು ಜೀವಾಶ್ಮಗಳು ಸಮರ್ಥಿಸುವುದಿಲ್ಲ ಎಂಬುದನ್ನೂ ಮಕ್ಕಳಿಂದ ಮುಚ್ಚಿಡಬಾರದು. ಅಹಿಂಸೆ, ಅಪರಿಗ್ರಹಗಳು ಆ ಬಿಲ್ಲುಗಳ ಲೆಕ್ಕದ ಮೇಲೆ ನಿಂತಿಲ್ಲ.

‘ಬಲಿಷ್ಠರಿಗೆ ಬದುಕು’ ಎನ್ನುವ ಸಿದ್ಧಾಂತ ಹಿಂಸೆಯನ್ನು ಕಲಿಸದೇ? ‘ಯೋಗ್ಯತಮರ ಉಳಿವು’ ಎಂಬರ್ಥದ ನುಡಿಯನ್ನು ಹುಟ್ಟಿಸಿದವನು ಹರ್ಬರ್ಟ್ ಸ್ಪೆನ್ಸರ್; ಡಾರ್ವಿನ್ ಅದನ್ನು ಅನಂತರ ಎತ್ತಿಕೊಂಡ. ಅಲ್ಲಿ ಯೋಗ್ಯತೆಯೆಂದರೆ ತೋಳ್ಬಲವಲ್ಲ, ಪರಿಸರಕ್ಕೆ ಹೊಂದಿ ಸಂತತಿಯನ್ನು ಉಳಿಸುವುದು. ಪರಸ್ಪರ ನೆರವಿನಿಂದ ಉಳಿದ ಜೀವಿಗಳು ಅಸಂಖ್ಯ. ನಿಸರ್ಗದಲ್ಲಿ ಏನು ನಡೆಯುತ್ತದೆಂಬುದು ನಾವು ಹೇಗೆ ನಡೆಯಬೇಕೆಂಬುದಕ್ಕೆ ಆಜ್ಞೆಯೂ ಅಲ್ಲ. ಇರುವೆಯೂ ನಾವೂ ಒಂದೇ ವಂಶವೃಕ್ಷದ ಕೊಂಬೆಗಳೆಂಬ ತಿಳಿವು ಜೀವದಯೆಗೆ ಆಸರೆಯೇ ಹೊರತು ಅಡ್ಡಿಯಲ್ಲ.

ಅನೇಕಾಂತದ ಹೆಸರಿನಲ್ಲಿ ‘ಅದೂ ಸರಿ, ಇದೂ ಸರಿ’ ಎಂದು ಜಾರಿಕೊಳ್ಳುವವರೂ ಇದ್ದಾರೆ. ಯಾವ ಮಾತು ಯಾವ ದೃಷ್ಟಿಯಿಂದ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ವಿಚಾರಿಸುವುದು ಅನೇಕಾಂತ, ವಿಚಾರಣೆಯನ್ನೇ ಕೈಬಿಡುವುದಲ್ಲ.

ನಮ್ಮ ಮನೆಗೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂವರ್ಧನ ಸಂಘವನ್ನು 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು ಜನರ ದೇಣಿಗೆ ಕೂಡಿಸಿ ಬೌಬಜಾರಿನಲ್ಲಿ ಸ್ಥಾಪಿಸಿದರು, ಸರ್ ಸಿ.ವಿ. ರಾಮನ್ ಅವರ ಸಂಶೋಧನೆ ಆ ಸಂಘದಲ್ಲಿಯೇ ನಡೆಯಿತು. ದಾನವೆಂದರೆ ಏನೆಂದು ನಮಗೆ ಬೇರೆಯವರು ಹೇಳಬೇಕಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಸಮಾಜ, ಮಕ್ಕಳ ಕೈಯಿಂದ ಒಂದು ಅಧ್ಯಾಯ ಜಾರಿದಾಗ ಸುಮ್ಮನಿರಬಾರದು. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ, ಭಾನುವಾರದ ಪಾಠಶಾಲೆಗಳಲ್ಲಿ ಹಳೆಯ ಪಠ್ಯದ ಆ ಕೆಲವು ಪುಟಗಳನ್ನು ಓದಿಸೋಣ. ಬಲ್ಲ ಶಿಕ್ಷಕರೊಬ್ಬರನ್ನು ಕರೆಯೋಣ. ಅದನ್ನು ಮರಳಿ ಸೇರಿಸಿರೆಂದು ಪೋಷಕರಾಗಿ ಬರೆಯೋಣ.

ತಂಗಿಯ ಮಗಳು ನನ್ನ ಉತ್ತರವನ್ನೆಲ್ಲ ಒಪ್ಪಲಿಲ್ಲ. ಆ ಹಳೆಯ ಪುಸ್ತಕವನ್ನು ಮಾತ್ರ ಹೋಗುವಾಗ ಕೇಳಿ ತೆಗೆದುಕೊಂಡು ಹೋದಳು. ಸದ್ಯಕ್ಕೆ ನಾನು ಬಯಸಿದ್ದೂ ಅಷ್ಟನ್ನೇ.