ಕಟಕಟೆಯಲ್ಲಿ ಯಾರೂ ಹೇಳಿಕೊಡದ ವಾಕ್ಯ

ಜಮೀನಿನ ಗಡಿ ತಕರಾರೊಂದರಲ್ಲಿ ಸಾಕ್ಷಿ ಹೇಳಲು ಕೆಲವು ವರ್ಷಗಳ ಹಿಂದೆ ಕಟಕಟೆ ಹತ್ತಿದ್ದೆ. ಬೆಂಚ್ ಕ್ಲರ್ಕ್ ಕಡತದಿಂದ ತಲೆ ಎತ್ತದೆಯೇ, 'ದೇವರ ಹೆಸರಿನಲ್ಲಿ ಸತ್ಯವನ್ನೇ ಹೇಳುತ್ತೇನೆ ಅನ್ನಿ' ಎಂದರು. ನನಗೆ ದೇವರಲ್ಲಿ ನಂಬಿಕೆಯಿಲ್ಲ. 'ದೇವರ ಹೆಸರು ಬಿಟ್ಟು ಹೇಳುತ್ತೇನೆ' ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು. ನ್ಯಾಯಾಧೀಶರೇನೋ 'ಆಗಬಹುದು' ಅಂದರು. ಆದರೆ ಅದರ ಬದಲಿಗೆ ಹೇಳಿಸಬೇಕಾದ ವಾಕ್ಯ ಯಾರ ಬಳಿಯೂ ಇರಲಿಲ್ಲ, ಕೊನೆಗೆ ನಾನೇ ಹೇಳಿಕೊಂಡೆ. ಪಾಟೀಸವಾಲಿಗೆ ಎದ್ದ ವಕೀಲರು ಗಡಿಕಲ್ಲಿನ ಸುದ್ದಿ ಎತ್ತುವ ಮೊದಲು ಕೇಳಿದ್ದು: 'ನಿಮಗೆ ದೇವರ ಭಯವಿಲ್ಲ, ಅಲ್ಲವೇ?'

1969ರ ಪ್ರಮಾಣವಚನ ಕಾಯ್ದೆಯ 5ನೇ ಸೆಕ್ಷನ್ ಒಂದೇ ಸಾಲಿನದು. ಸಾಕ್ಷಿ ಪ್ರಮಾಣದ ಬದಲು ದೃಢೀಕರಣ ಮಾಡಬಹುದು ಎನ್ನುತ್ತದೆ, ಕಾರಣ ಕೇಳುವುದಿಲ್ಲ. ಅನುಸೂಚಿಯಲ್ಲಿ 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ' ಎಂಬುದರ ಜೊತೆಯಲ್ಲೇ 'ಶ್ರದ್ಧಾಪೂರ್ವಕವಾಗಿ ದೃಢೀಕರಿಸುತ್ತೇನೆ' ಎಂಬುದೂ ಇದೆ. ಯಾವುದನ್ನು ಹೇಳಿ ಸುಳ್ಳಾಡಿದರೂ ಭಾರತೀಯ ನ್ಯಾಯ ಸಂಹಿತೆಯ 229ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು. ಸಿನಿಮಾದಲ್ಲಿ ಕಾಣುವ, ಕೆಂಪು ಬಟ್ಟೆ ಸುತ್ತಿದ ಭಗವದ್ಗೀತೆಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಗಂಗಾಜಲ, ಕುರಾನ್ ಮುಟ್ಟಿಸುವ ಪದ್ಧತಿಯನ್ನು ಕಂಪನಿ ಸರ್ಕಾರ 1840ರಲ್ಲೇ ಕೈಬಿಟ್ಟಿತ್ತು. 1873ರ ಕಾಯ್ದೆಯಂತೂ ಹಿಂದೂ, ಮುಸ್ಲಿಂ ಸಾಕ್ಷಿಗಳು ಪ್ರಮಾಣವನ್ನಲ್ಲ, ದೃಢೀಕರಣವನ್ನೇ ಮಾಡಬೇಕೆಂದಿತ್ತು. ದೃಢೀಕರಣ ನಾಸ್ತಿಕರಿಗಾಗಿ ಹೊರಗಿನಿಂದ ತಂದ ವಿನಾಯಿತಿ ಎಂದುಕೊಂಡವರು ಇದನ್ನು ಗಮನಿಸಬೇಕು.

ಸಾಕ್ಷಿಯ ಮಾತನ್ನು ಅವನ ದೇವರಿಂದ ತೂಗುವ ಅಭ್ಯಾಸ ಸುಲಭಕ್ಕೆ ಹೋದದ್ದಲ್ಲ. 1744ರ ಓಮಿಚಂದ್–ಬಾರ್ಕರ್ ಮೊಕದ್ದಮೆಯಲ್ಲಿ, ಬ್ರಾಹ್ಮಣನ ಪಾದ ಮುಟ್ಟಿ ಕಲ್ಕತ್ತದ ಹಿಂದೂಗಳು ನುಡಿದ ಸಾಕ್ಷ್ಯವನ್ನು ಇಂಗ್ಲೆಂಡಿನ ನ್ಯಾಯಾಲಯ ಒಪ್ಪಿಕೊಂಡಿತು. ಅವರೂ ಒಬ್ಬ ದೇವರಿಗೆ ಹೆದರುತ್ತಾರೆ ಎಂಬುದೇ ಅದಕ್ಕೆ ಆಧಾರ. ಯಾವ ದೇವರನ್ನೂ ನಂಬದವನಿಗೆ ಅಲ್ಲಿ ಬಾಗಿಲು ತೆರೆಯಲು 1869ರವರೆಗೆ ಕಾಯಬೇಕಾಯಿತು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಗೆದ್ದ ಚಾರ್ಲ್ಸ್ ಬ್ರಾಡ್ಲಾ ದೃಢೀಕರಣ ಮಾಡುತ್ತೇನೆಂದರೆ ಪಾರ್ಲಿಮೆಂಟು ಬೇಡವೆಂದಿತು. ಹೋಗಲಿ, ಪ್ರಮಾಣವನ್ನೇ ಮಾಡುತ್ತೇನೆಂದರೆ ನಾಸ್ತಿಕನ ಪ್ರಮಾಣವೂ ಬೇಡವೆಂದಿತು. ಮತ್ತೆ ಮತ್ತೆ ಗೆದ್ದು ಬಂದ ಆತನಿಗೆ ಕುರ್ಚಿ ಸಿಕ್ಕಿದ್ದು 1886ರಲ್ಲಿ. ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೊಟ್ಟ 1888ರ ಕಾಯ್ದೆ ಆತನದೇ ಹೋರಾಟದ ಫಲ. ಮರುವರ್ಷ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಈ ಭಾರತದ ಗೆಳೆಯನ ಅಂತ್ಯಕ್ರಿಯೆಗೆ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಹೋಗಿದ್ದರು.

ದೇವರ ಭಯ ಹೋದರೆ ಸತ್ಯ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಧರ್ಮಸ್ಥಳದ ಆಣೆ ಎಂದರೆ ನಮ್ಮಲ್ಲಿ ಇಂದಿಗೂ ಎದೆ ನಡುಗುವವರಿದ್ದಾರೆ. 2011ರಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ ಇಬ್ಬರೂ ಮಂಜುನಾಥನ ಸನ್ನಿಧಿಗೆ ಹೋಗಿ ಆಣೆ ಮಾಡದೆ ಹಿಂತಿರುಗಿದ್ದನ್ನು ನಾಡೇ ನೋಡಿದೆ. ನಂಬುವವರ ಬಾಯಲ್ಲಿ ಆ ಹೆಸರಿಗೆ ಅಷ್ಟು ತೂಕವಿದೆ. ಆ ತೂಕ ಅವರಿಗೆ ಇರಲಿ. ನನ್ನ ಬಾಯಲ್ಲಿ ಅದು ಬರಿದಾಗುತ್ತದೆ. ಸತ್ಯವನ್ನೇ ಹೇಳೆಂದು ಕರೆಸಿದ ಜಾಗದಲ್ಲಿ ನನ್ನ ಮೊದಲ ಮಾತೇ ಸುಳ್ಳಾಗುತ್ತದೆ.

ಆದರೂ ಹೆಚ್ಚಿನವರು ಆ ಮಾತನ್ನು ಆಡಿಯೇಬಿಡುತ್ತಾರೆ. 'ಸುಮ್ಮನೆ ಹೇಳಿಬಿಡಿ ಸಾರ್, ನಮ್ಮ ಕೇಸು ಕೆಡುತ್ತೆ' ಎಂದು ಅಂದು ನನ್ನನ್ನು ಕರೆತಂದ ರೈತನೂ ಮೊದಲೇ ಬೇಡಿಕೊಂಡಿದ್ದ. ನನ್ನ ಹಟಕ್ಕೆ ಅವನ ಎರಡು ಗುಂಟೆ ಜಮೀನು ಬೆಲೆ ತೆರಬೇಕಾದೀತೆಂಬ ಅಳುಕು ನನಗೂ ಇತ್ತು. ಕಾಯ್ದೆ ಕೊಟ್ಟ ಹಕ್ಕು ಇಂಥ ಅಳುಕಿನಲ್ಲೇ ಸಾಯುತ್ತಿದೆ. ಕೇಳಿ ಪಡೆಯಬೇಕಾದ ಹಕ್ಕಾದ್ದರಿಂದ, ಕೇಳಿದವನು ಎಲ್ಲರೆದುರು ನಾಸ್ತಿಕನೆಂದು ಸಾರಿಕೊಂಡಂತಾಗುತ್ತದೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಎರಡೂ ವಾಕ್ಯಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕಟಕಟೆಗೆ ಅಂಟಿಸಬೇಕು. ಹಣೆಗೆ ವಿಭೂತಿ ಹಚ್ಚಿ ಬಂದವರನ್ನೂ ಸೇರಿಸಿ ಪ್ರತಿಯೊಬ್ಬ ಸಾಕ್ಷಿಯನ್ನೂ ಕ್ಲರ್ಕ್ 'ಎರಡರಲ್ಲಿ ಯಾವುದು?' ಎಂದು ಕೇಳಬೇಕು. ಹೈಕೋರ್ಟಿನ ಒಂದು ಸುತ್ತೋಲೆ ಇದಕ್ಕೆ ಸಾಕು. ದೇವರ ಭಯದ ಬಗ್ಗೆ ಪಾಟೀಸವಾಲು ಬಂದರೆ, ಸಾಕ್ಷಿ ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ಅದನ್ನು ತಡೆಯಬೇಕು.